ಕಾವಲು ಮೃಗದ ಕಣ್ಣು

ಅಲ್ಲ ಅಲ್ಲ, ಅಲ್ಲಿ ನಿಂತ್ರ ಏನೂ ಕಾಣಂಗಿಲ್ಲ, ಹನಮಂತಪ್ಪ. ಕಿಟಕಿ ಬೆಳಕು ಗಾಜಿನ ಮ್ಯಾಲ ಬೀಳತೈತಿ. ಈ ಕಡೆ ಬಾ. ಇಲ್ಲಿ, ಈ ಸ್ಟೂಲಿನ ಮ್ಯಾಲ ಕೂಡ್ರು... ಕೂಡ್ರಪಾ! ಸಾಲಿ ಸೂಟಿ ಐತಿ, ಹೆಡ್‌ಮಾಸ್ತರು ಊರಾಗಿಲ್ಲ, ಯಾರೂ ಏನೂ ಅನ್ನಂಗಿಲ್ಲ. ಚಪ್ಪಲಿ ಹೊರಗ ಬಿಟ್ಟೆಲ್ಲ? ಹಾಂ. ಇದು ಗುಡಿ ಅಂತಲ್ಲ ಮತ್ತ. ಧೂಳಿ ಆಗಿಬರಂಗಿಲ್ಲ ಇದಕ್ಕ.

ಈಗ ನೋಡು. ಗುರುತು ಸಿಕ್ತೇನು?

ನಿನ್ನ ಕೈಯಾಗಿಂದು ನಿನಗ ಗುರುತು ಸಿಗವಲ್ದೇನು? ನಿಮ್ಮ ಕಾವಲು ಮೃಗ ಅದು! ನನ್ನ ಮಗಳು ಸುಶೀಲಾನ ಕೂಸಿಗಂತ ಮಾಡಿಸಿದ ತೊಟ್ಟಿಲಕ್ಕ, ತಲಿ ಕಡೆ ಹಲಗಿ ಮ್ಯಾಲ ನೀನ ಬರದದ್ದು. ಸಿಂಹದ ಮೈ, ಆನಿ ಸೊಂಡಲ, ಹೆಗಲಿಗೆ ರೆಕ್ಕಿ, ಬಾಲ ನವಿಲಿಂದು. ಶಿವರಾತ್ರಿ ಮುಂದ ನಿನ್ನ ಅಂಗಡ್ಯಾಗ ಕುಂತು, ಎಣ್ಣಿ ಕಾಗದ ಹಚ್ಚಿ ಗೆರಿ ತಕ್ಕೊಂಡು ಬಂದಿದ್ನೆಲ್ಲ? ಈ ಮಡಿವಾಳೆಪ್ಪ ಮಾಸ್ತರಗ ರಿಟಾಯರ್ ಆಗೂ ಮುಂದ ತೊಟ್ಟಿಲ ಬರಿಯೂ ಹುಚ್ಚು ಹಿಡದೈತಿ ಅಂತ ನಕ್ಕಿದ್ದಿ ನೀನು. ಅದ ಮೃಗ ಇದು.

ಟೀವಿ ಅಲ್ಲೋ. ಕಂಪ್ಯೂಟರ. ಹೋದ ವರ್ಷ ಸರಕಾರದಿಂದ ಬಂದದ್ದು. ಲೆಕ್ಕದ ಮಾಸ್ತರ ಅಂತ ನನ್ನನ್ನ ಧಾರವಾಡಕ್ಕ ಕಳಿಸಿ ಕಲಿಸಿದ್ರು. ಇದರಾಗ ಸಿನಿಮಾ ಗಿನಿಮಾ ಬರಂಗಿಲ್ಲ. ನಾವು ಏನು ಲೆಕ್ಕಾ ಹೇಳ್ತೀವೋ ಅದನ್ನಷ್ಟ ತೋರಸ್ತೈತಿ. ತಪ್ಪು ಹೇಳಿದ್ರ ತಪ್ಪ ತೋರಸ್ತೈತಿ. ಅದರಷ್ಟು ಖರೇ ಮಾತಿಂದು ಈ ಕಲಘಟಗ್ಯಾಗ ಇನ್ನೊಂದಿಲ್ಲ.

ನಕ್ಕ್ಯಾ? ಇಲ್ಲ... ನಕ್ಕಂಗಾತು ನನಗ.

ತಡಿ, ಮದಲ ಸಕ್ಕರಿ ತಗೋ. ಕೈ ಒಡ್ಡು. ಮಾಬುಸಾಬ ಹೇಳಿರಬೇಕಲ್ಲ? ನಮ್ಮ ಸಿಪಾಯಿ ಬಾಯಾಗ ಮಾತು ನಿಂದ್ರೂದಿಲ್ಲ... ಹೇಳಿಲ್ಲೇನು? ಬರೇ ಮಾಸ್ತರ ಕರದಾರ ಅಂದನ? ಹಂಗಾದ್ರ ನಾನ ಹೇಳ್ತೀನಿ ತಗೋ. ಸುಶೀಲಾ ಹಡದಾಳ. ಅಳ್ನಾವರದಾಗ, ಅತ್ತಿ ಮನ್ಯಾಗ. ಸೋಮವಾರ ತಂತಿ ಬಂತು. ತಂತಿ ಅಂದ ಕೂಡಲೆ ಎದಿ ಧಸಕ್ಕಂತು... ಆದರ ಚಲೋ ಸುದ್ದೀನ. ಬಾಣಂತಿ, ಕೂಸು, ಇಬ್ಬರೂ ಆರಾಮ. ಅಗದಿ ಆರಾಮ.

ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಖರೇ. ಆದರ ನಮ್ಮ ಗುರವ್ವ ಇದ್ದಿದ್ರ ಆ ಮಾತು. ಅವ್ವ ಇಲ್ಲದ ಮನ್ಯಾಗ ಬಾಣಂತನ ಮಾಡೋರು ಯಾರು? ನಾನು ಅಂಟಿನ ಉಂಡಿ ಕಟ್ಟಲೇನು, ಸಾಲಿಗೆ ಬಂದು ಬೀಜಗಣಿತ ಹೇಳಲೇನು? ಬೀಗತಿ ತಾನಾಗೇ ಅಂದಳು, ಇಲ್ಲೇ ಇರಲಿ ಬಿಡ್ರಿ ಮಾಸ್ತರ, ನಮ್ಮ ಮಗಳು ಇದ್ದಂಗ ಅಂತ. ಚಲೋ ಹೆಣಮಗಳು ಆಕಿ. ಆಕೀದೇನೂ ತಪ್ಪಿಲ್ಲ.

ಏನಿಲ್ಲ... ಯಾತರ ತಪ್ಪು? ಯಾರದೂ ಏನೂ ತಪ್ಪಿಲ್ಲ. ಸುಮ್ಮ ಮಾತಿಗೆ ಅಂದೆ.

ಬಾಯಾಗ ಹಾಕ್ಕೋ ಸಕ್ಕರಿ. ಯಾಕ, ಸಕ್ಕರಿ ಬ್ಯಾಡೇನು? ...ಆತು ಬಿಡು, ಟಾವೆಲ್ ತುದಿಗೆ ಕಟಗೋ, ಮಕ್ಕಳಿಗೆ ಒಯ್ಯಿ.

ಈಗ ಯಾಕ ಕರಿಸೀನಿ ಅಂತ ತಿಳೀತಿಲ್ಲೋ? ಕಣ್ಣು! ಮೃಗದ ಕಣ್ಣು ಇಡಬೇಕು ನೀನು.

ನಿಮ್ಮ ಮನಿತನದ ರೀತಿ ನನಗ ಗೊತ್ತಿಲ್ಲೇನು? ಮೃಗ ಪೂರಾ ಬರೀತೀರಿ, ಅರಗಿನ ಬಣ್ಣ ಹಚ್ಚತೀರಿ, ಕೇದಗಿ ಗರಿ ತಗೊಂಡು ತಿಕ್ಕಿ ತಿಕ್ಕಿ ಹೊಳಸ್ತೀರಿ. ಆದರ ಕಣ್ಣಿನ ಜಾಗಾ ಬಿಳೇದ ಬಿಟ್ಟಿರ್ತೀರಿ. ಕೂಸು ಹುಟ್ಟಿದ ಸುದ್ದಿ ಕಿವಿಗೆ ಬಿದ್ದ ಮ್ಯಾಲ, ಆ ಮನೀ ಸಕ್ಕರಿ ತಿಂದು, ಒಂದ ಸಲಕ್ಕ ಕುಂಚ ಇಟ್ಟು ಎತ್ತತೀರಿ. ಕೂಸು ಇಲ್ಲದ ತೊಟ್ಟಿಲ ಕಾಯಾಕ ಮೃಗಕ್ಕ ಕಣ್ಣ ಯಾಕೋ ತಮ್ಮಾ ಅಂತ ನಿಮ್ಮಪ್ಪ ನನಗ ಹೇಳಿದ್ದ. ಸುಶೀಲಾ ಹುಟ್ಟಿದಾಗ ನಮ್ಮ ಮನಿ ಪಡಸಾಲ್ಯಾಗ ಕುಂತು ಅವನ ಇಟ್ಟು ಹೋಗಿದ್ದ ಕಣ್ಣು. ಈಗ ನಿನ್ನ ಸರತಿ. ಸುದ್ದಿ ಹೇಳೀನಿ, ಸಕ್ಕರಿ ಕೊಟ್ಟೀನಿ. ಇಡು.

ಕುಂಚದ ಪೆಟ್ಟಿಗಿ ಎಲ್ಲಿ? ತಂದಿಲ್ಲ? ಪೆಟ್ಟಿಗಿ ತಗೊಂಡು ಬರ್ರಿ ಅನ್ನು ಅಂತ ಹೇಳಿ ಕಳಿಸಿದ್ನೆಲ್ಲ ಮಾಬುಸಾಬನ ಕೈಯಾಗ...

ಇರಲಿ. ಇದಕ್ಕ ಕುಂಚ ಹತ್ತಂಗಿಲ್ಲ. ನೀ ಬಟ್ಟು ಇಟ್ಟು ತೋರಸು, ಇಲ್ಲಿ ಅಂತ. ಆ ಚುಕ್ಕಿ ಅಡ್ಡ ಯಾವ ಸಾಲು, ಉದ್ದ ಯಾವ ಸಾಲು ಅಂತ ನಾ ಎಣಸಿ ಬರೀತೀನಿ. ಮುಗೀತು ಕೆಲಸ. ಕರೆಂಟ ಹೋಗೂದರಾಗ ಆಗಬೇಕು ಅಷ್ಟ. ದಿನಾ ಬಿಸಲು ಇಳಿಯೂ ಹೊತ್ತಿಗೆ ತಗೀತಾರ ಸುಡಗಾಡವರು. ಲಗೂ ತೋರಸು.

...ಕೈ ಯಾಕ ಮುಂದ ಮಾಡವಲ್ಲಿ?

ನನಗ ಗೊತ್ತು ನೀ ಏನು ವಿಚಾರ ಮಾಡಾಕ ಹತ್ತೀ ಅಂತ. ಮಾಸ್ತರ ನಮ್ಮ ಮೃಗ ಕದ್ದ, ನಾಳಿಗೆ ಈ ಪೆಟ್ಟಿಗ್ಯಾಗ ತೊಟ್ಟಿಲಾನ ಮಾಡ್ತಾನ, ನಮ್ಮ ಉದ್ಯೋಗ ಮುಳಗಸ್ತಾನ ಅಂತ. ಅಲ್ಲಲೇ, ಈ ಪೆಟ್ಟಿಗ್ಯಾಗ ಯಾವ ಕೂಸು ಮಲಗತೈತಿ? ಕದ್ದಿಲ್ಲ. ಕದಿಯಾಕ ಬರೂದಿಲ್ಲ ಇದು. ನಿನ್ನ ಒಂದು ಗೆರಿ ಐತೆಲ್ಲ, ಸೊಂಡಲದಿಂದ ಹಿಡದು ಬಾಲದ ತನಕ ಕುಂಚ ಎತ್ತದ ಎಳೀತಿ ನೋಡು, ಅದನ್ನ ನಾನು ಮುರದು ಮುರದು ಪುಡಿ ಮಾಡಬೇಕಾತು. ಚೌಕಳಿ ಕಾಗದದ ಮ್ಯಾಲ ಇಟ್ಟು, ಗೆರಿ ಯಾವ ಯಾವ ಮನ್ಯಾಗ ಹಾಯ್ದು ಹೋಗತೈತಿ ಅಂತ ಎಣಸಿ, ಒಂದೊಂದು ಮನಿಗೂ ಅಂಕಿ ಬರದು. ಯುಗಾದಿಯಿಂದ ಇದನ್ನ ಮಾಡಕೋತ ಬಂದೀನಿ. ಅದರಾಗ ಹೋದ ವರ್ಷದ ಆಯುಧ ಪೂಜಾದಾಗ ನಮ್ಮ ಹೆಡ್‌ಮಾಸ್ತರು ಭಕ್ತಿಲೇ ಕುಂಕುಮ ಸುರದಾರ ಈ ಅಂಕಿ ಒತ್ತೂ ಕೀಲಿಗಳ ಮ್ಯಾಲ. ಒಂಬತ್ತು ಒತ್ತಿದ್ರ ಏಳಂಗಿಲ್ಲ ಅದು, ಅಲ್ಲೇ ಕೂಡತೈತಿ. ಒಂಬತ್ತು ಬೇಕಾದಲ್ಲೆಲ್ಲಾ ಎಂಟು ಕೂಡಿಸು ಒಂದು ಅಂತ ಬರೀತೀನಿ. ನಗೂ ಹಂಗಿದ್ರ ನಗು, ಪರವಾಗಿಲ್ಲ.

ಬಣ್ಣಾನೂ ಹಂಗ. ನಿನ್ನ ಹಂತೇಕ ಎಷ್ಟು ಬಣ್ಣ! ಇದರಾಗ ಕರೇದು ಬಿಳೇದು ಹಿಡದು ಎಂಟ. ಕಿತ್ತಳಿ ಇಲ್ಲ. ನಿನ್ನ ಮೃಗದ ಎದಿ ಕಿತ್ತಳಿ, ಏನು ಮಾಡಲಿ? ಸನೇಕ ಬಾ. ಇಲ್ಲಿ ನೋಡು, ಗಾಜಿಗೆ ಮೂಗು ಹಚ್ಚಿ ನೋಡು. ಒಂದು ಚುಕ್ಕಿ ಕೆಂಪು, ಬಾಜೂಕ ಒಂದು ಹಳದಿ, ಮತ್ತ ಕೆಂಪು, ಮತ್ತ ಹಳದಿ. ಕೆಳಗಿನ ಸಾಲಿನ್ಯಾಗ ಅದನ್ನ ತಿರುವು ಮುರುವು. ಹೌದಲ್ಲ? ಈಗ ಹಿಂದಕ್ಕ ಸರಿ. ಇನ್ನೂ ಸರಿ. ಈಗ ನೋಡು... ಕಿತ್ತಳಿ! ಅದು ಗಾಜಿನ ಮ್ಯಾಲ ಎಲ್ಲೂ ಇಲ್ಲ ಹನಮಂತಪ್ಪ, ನಿನ್ನ ಕಣ್ಣಾಗ ಐತಿ. ಇಲ್ಲದ್ದನ್ನ ಕಾಣಸಾಕ ಬರತೈತಿ. ಸರಿಯಾದ ದೂರಕ್ಕ ನಿಂತ್ರ ಬರತೈತಿ.

ಏ, ಎಲ್ಲಿಗೆ ಹೊಂಟಿ? ಹಿಂದಕ್ಕ ಸರಿ ಅಂದ್ರ ಬಾಗಲ ತನಕ ಸರಿ ಅಂದ್ನೇನು? ಬಾ, ಬಾ ಈ ಕಡೆ. ಕೂಡ್ರು. ಕೆಲಸ ಮುಗಿದಿಲ್ಲ.

ರೆಕ್ಕಿ ಮಾತ್ರ ನಿಂದಲ್ಲ. ಅದನ್ನ ಹೇಳಿಬಿಡತೀನಿ, ಸಿಟ್ಟಿಗೇಳಬ್ಯಾಡ. ನೀ ಬರದದ್ದು ಬೆನ್ನಿಗೆ ಹಚ್ಚಿದ ರೆಕ್ಕಿ. ತೊಟ್ಟಿಲ ಮ್ಯಾಲ ಅದು ಚಂದ, ಅಲ್ಲಿ ಮೃಗ ನಿಂತೈತಿ. ಇಲ್ಲಿ ಹಂಗ ಬರದು ಕಾಲು ಎತ್ತಿಸಿದ್ರ ರೆಕ್ಕಿ ಎತ್ತಾಗೋ, ಮೈ ಎತ್ತಾಗೋ. ಮಾಬುಸಾಬ ಕಸಾ ಹೊಡಿಯಾಕ ಬಂದವ ನಿಂತು ನೋಡಿದ. 'ಮಾಸ್ತರ, ಇದು ಹಾರೂದಲ್ರಿ, ಕೋಳಿಯಂಗ ತಿಪ್ಪಿ ಕೆದರತೈತಿ' ಅಂದ. ಹೌದು ಅನಿಸ್ತು. ಅದಕ್ಕ ಏನು ಮಾಡಿದೆ... ಸಂತಿ ದಿನಾ ಹೋಗಿ ನಿಂತೆ, ಬಂಡಿ ಎತ್ತು ನೋಡಕೋತ. ಎತ್ತು ಏರು ಹತ್ತೂ ಮುಂದ ಹೆಗಲ ಮ್ಯಾಲಿನ ಮಾಂಸ ಹೆಂಗ ಸರೀತೈತಿ ಅಂತ. ಕಟುಕರ ಓಣಿ ಮ್ಯಾಲ ಹದ್ದು ತಿರಗತಾವಲ್ಲ, ಅಲ್ಲಿ ಕತ್ತ ನೋಯೂ ತನಕ ನೋಡಿದೆ. ಎತ್ತಿನ ಹೆಗಲಿಗೆ ಹದ್ದಿನ ರೆಕ್ಕಿ ಕೂಡಿಸಿದೆ. ಎಲ್ಲೂ ಇಲ್ಲದ ಪ್ರಾಣಿ ಬರೀಬೇಕಂದ್ರ ಇರೂ ಪ್ರಾಣಿನ ಮನಸಿಟ್ಟು ನೋಡಬೇಕು. ಒಂದ ಒಂದು ಕೀಲು ಸುಳ್ಳಾದ್ರ ಪೂರಾ ಮೃಗ ಸುಳ್ಳಾಗತೈತಿ. ಉಳದದ್ದೆಲ್ಲಾ ಖರೇ ಇತ್ತಂದ್ರ... ಜನಾ ನಂಬತಾರ.

ಯಾಕ ಹಂಗ ನೋಡತೀ?

ಮೃಗಾನ ನಡಸಬೇಕು ಅಂತ ಹೇಳಿದಾಕಿ ಸುಶೀಲಾ. ಸಂಕ್ರಮಣಕ್ಕ ಬಂದಿದ್ದಳಲ್ಲ, ಆಗ ಈ ಕಂಪ್ಯೂಟರ ತೋರಸಾಕ ಕರಕೊಂಡು ಬಂದಿದ್ದೆ. ನೀ ಕುಂತೀ ನೋಡು, ಅದ ಸ್ಟೂಲಿನ ಮ್ಯಾಲ ಕುಂತಿದ್ದಳು. ಹೊಟ್ಟಿ ಮ್ಯಾಲ ಎರಡೂ ಕೈ ಇಟಗೊಂಡು. 'ಅಪ್ಪಾ, ತೊಟ್ಟಿಲದಾಗಿನ ಮೃಗ ಒಂದ ಕಡೆ ನಿಂತಿರತೈತಿ. ಕೂಸು ಅಳಾಕ ಹತ್ತಿದ್ರ ಎದ್ದು ಬರಾಕ ಬ್ಯಾಡೇನು ಅದು? ಇದರಾಗ ನಡಸಾಕ ಬರತೈತೇನು?' ಅಂದಳು. ಬರತೈತಿ ಅಂದೆ. ಏನೂ ಗೊತ್ತಿರಲಿಲ್ಲ ನನಗ, ಆದರೂ ಅಂದೆ. ಈಗ ಬರತೈತಿ ನೋಡು. ಇದು ಒತ್ತಿದ್ರ... ಹಾಂ. ಎಡಗಾಲು ಮುಂದ ಇಟ್ಟ ಚಿತ್ರ ಒಂದು, ಬಲಗಾಲು ಮುಂದ ಇಟ್ಟದ್ದು ಒಂದು. ಅದನ್ನ ತಗದು ಇದು, ಇದನ್ನ ತಗದು ಅದು. ನಡದಂಗಾತಲ್ಲ? ಕುಂಟತೈತಿ ಸ್ವಲ್ಪ. ಇರಲಿ, ನನ್ನಂಗ.

ಆಕಿ ಏನರೆ ಒಂದು ಹೇಳಿದ್ರ ಬಿಡತಿರಲಿಲ್ಲ... ಬಿಡಂಗಿಲ್ಲ. ಸಣ್ಣಾಕಿದ್ದಾಗಿಂದ ಹಂಗ. 'ನನ್ನ ಮೃಗ ಎಲ್ಲಿಗೆ ಬಂತು' ಅಂತ ಕೇಳತಿದ್ದಳು ಕಾಗದದಾಗೆಲ್ಲಾ. ಕೇಳತಾಳ. ಈಗೂ ಕೇಳತಾಳ. ನಾಳಿಗೆ ಹೋಗಿ ಹೇಳಬೇಕು ಆಕೀಗೆ, ಕಣ್ಣ ಇಟ್ಟಾತು ಅಂತ.

ಅಯ್ಯ! ...ಇಲ್ಲ. ಇಲ್ಲ, ಹೋಗಲಿಲ್ಲ. ಸಣ್ಣಾಗಿತ್ತಷ್ಟ, ಮತ್ತ ಬಂತು. ಕರೆಂಟ ಹೋತಂದ್ರ ಇದರ ತಲ್ಯಾಗಿಂದೆಲ್ಲಾ ಹೋಗತೈತಿ. ಹಾಡು ಕೇಳೂ ಕ್ಯಾಸೆಟ್ಟಿನ್ಯಾಗ ಇಟ್ಟೀನಿ, ಆದರ ಮತ್ತ ಒಳಗ ತಗೋಬೇಕಂದ್ರ ಚಾ ಕುಡದು ಬರೂವಷ್ಟು ಹೊತ್ತು ಕೀಂಯ್ ಅಂತ ಒದರತೈತಿ. ಹೋದ ಸಲ ಒಂದು ಕಾಲು ಬರಲೇ ಇಲ್ಲ. ದೌಡ ಮಾಡು ಹನಮಂತಪ್ಪ, ಕೈ ಮುಗೀತೀನಿ. ಎಲ್ಲಿ ಇಡಲಿ?

ನಾನ ಇಟ್ಟು ನೋಡೀನಿ. ಸುಳ್ಳ್ಯಾಕ ಹೇಳಲಿ. ಮುಂದಕ್ಕ ಇಟ್ರ ಕಳ್ಳನಂಗ ಕಾಣತೈತಿ. ಮ್ಯಾಲಕ್ಕ ಇಟ್ರ ಕುರಿ. ಸೊಂಡಲದ ಸನೇಕ ಇಟ್ರ... ಅದು ನೋಡಾಕ ಆಗಂಗಿಲ್ಲ, ಅಳೂವಂಗ ಕಾಣತೈತಿ. ಒಂದ ಚುಕ್ಕಿ ಆ ಕಡೆ ಈ ಕಡೆ, ಅಷ್ಟ. ಆದರ ಎಲ್ಲಿ ಇಟ್ರೂ ಅದು ಕಾಯೂ ಮೃಗ ಆಗವಲ್ದು. ಯಾಕಂದ್ರ ಕಣ್ಣ ಇಡೂ ಹಕ್ಕು ನನ್ನದಲ್ಲ, ನಿಂದು. ನೀ ಇಟ್ರ ಕೂಸು ಹುಟ್ಟೈತಿ ಅಂತ. ಬದುಕಿ... ಆರಾಮ ಐತಿ ಅಂತ. ಅದ ರೀತಿ ಐತೆಲ್ಲ?

ಮತ್ತ ನೆಲಾ ನೋಡಾಕ ಹತ್ತಿದಿ.

ಏನು, ಕಟಗಿ ಮ್ಯಾಲಷ್ಟ ಇಡತೀನಿ, ಗಾಜಿನ ಮ್ಯಾಲ ಇಡಂಗಿಲ್ಲ ಅಂತೀ ಏನು? ಹಂಗರೆ ಅನ್ನು! ಬಾಯಿ ಬಿಟ್ಟು ಅನ್ನು. ನಡಿ ಹಂಗಾದ್ರ, ನಿನ್ನ ಅಂಗಡಿಗೆ ಹೋಗೂಣು. ಈಗಿಂದೀಗ ಹೋಗೂಣು. ತೊಟ್ಟಿಲ ಮ್ಯಾಲ ನೀ ಕಣ್ಣು ಇಡು, ನಾನು ಅಳತಿ ತಕ್ಕೊಂಡು ಓಡಿ ಬರತೀನಿ.

ತೊಟ್ಟಿಲ ಅಂದ ಕೂಡಲೆ ಮಾರಿ ಯಾಕ ತಿರುವಿದಿ?

ತೊಟ್ಟಿಲ ಐತೆಲ್ಲ? ಮಾಬುಸಾಬ ಏನೋ ಅಂದ. 'ತೊಟ್ಟಿಲ ಅಟ್ಟದ ಮ್ಯಾಲ ಐತ್ರಿ ಮಾಸ್ತರ, ಗೋಣಿಚೀಲ ಸುತ್ತಿಟ್ಟಾರ' ಅಂದ. ಧೂಳಿ ಕೂಡಬಾರದು ಅಂತ ಸುತ್ತಿರಬೇಕು ಬಿಡೋ ಅಂದೆ ನಾನು. ಹೌದಲ್ಲ? ಧೂಳಿಗೆ ತಾನ? ...ಅಂಗಡಿ ಮುಂದ ಇಷ್ಟು ದಿನಾ ತೂಗಾಕ ಹಾಕಿದ್ದಿ, ಧೂಳಿ ಇರಲಿಲ್ಲೇನು ಆಗ?

ನನ್ನ ಮಾತಿನ ಮ್ಯಾಲ ಸಂಶೇನು ನಿನಗ? ಹೇಳು, ಸಂಶೇನು? ನಾನು ಯಾವತ್ತರೆ ಸುಳ್ಳು ಹೇಳಿದ್ದು ಕೇಳೀ ಏನು ಈ ಊರಾಗ? ಕಣ್ಣಾರೆ ನೋಡಿ ಬಂದೀನಿ ಕೂಸಿನ್ನ. ಈ ಕೈಯಾಗ ಹಿಡದೀನಿ. ತಲಿ ತುಂಬ ಕರೇ ಕೂದಲಾ. ಕಿವಿ ಮ್ಯಾಲೂ ನವಿರ ಕೂದಲಾ. ಮುಷ್ಟಿ ಹಿಂಗ ಹಿಡದಿತ್ತು... ಹಿಡದೈತಿ, ಹೆಬ್ಬಟ್ಟು ಒಳಗ ಹಾಕ್ಕೊಂಡು. ಬಿಡಸಾಕ ಹೋದ್ರ ಬರಲಿಲ್ಲ. ಉಗುರು ನೋಡಿದೆ. ಅಷ್ಟು ಸಣ್ಣ ಉಗುರು, ಅದಕ್ಕೂ ಅಂಚು ಇತ್ತು. ಯಾರೋ ಭಾಳ ವ್ಯಾಳ್ಯಾ ತಗೊಂಡು, ಒಂದೊಂದ ಬರದಂಗ... ಒಂದು ಗೆರೀನೂ ತಪ್ಪಿರಲಿಲ್ಲ ಹನಮಂತಪ್ಪ. ಎಲ್ಲಾ ಇತ್ತು.

ಎಲ್ಲಾ ಐತಿ.

ಏನರೆ ಮಾತಾಡೋ! ಕಲ್ಲು ಕುಂತಂಗ ಕುಂತಿ. ಸುದ್ದಿ ಕೇಳಿದವರು ಹಿಂಗ ಕೂಡತಾರೇನು? ನಮ್ಮ ಓಣ್ಯಾಗ ಎಮ್ಮಿ ಈದ್ರೂ ಹಾದಿ ಹಿಡದು ಹೋಗೂ ಮಂದಿ ನಿಂತು ಕೇಳತಾರ, ಹೆಣ್ಣಗರಾನೋ ಕ್ವಾಣನೋ ಅಂತ. ಉಳದವರು ಬಿಡು, ನೀನ ಮೊನ್ನೆ ಆ ಪತ್ತಾರ ಮನ್ಯಾಗ ಹೆರಿಗಿ ಆದಾಗ ಹಾದ್ಯಾಗಿಂದನ ಒದರಿದಿ, ಗಂಡೇನ್ರಿ, ಹೆಣ್ಣೇನ್ರಿ...

...

ನೀ ಕೇಳಲಿಲ್ಲ.

ಬಂದಾಗಿಂದ... ಕೂಸು ಅಂದೆ, ಬಾಣಂತಿ ಅಂದೆ, ಕೂದಲಾ ಅಂದೆ, ಉಗುರು ಅಂದೆ. ಗಂಡೋ ಹೆಣ್ಣೋ ಅಂತ ನೀ ಒಮ್ಮಿನೂ ಕೇಳಲಿಲ್ಲ, ಹನಮಂತಪ್ಪ.

ಕಟಗಿ ತರಾಕ ಹೋಗಿದ್ದಿ ಏನು? ಅಳ್ನಾವರಕ್ಕ? ...ಹೌದಲ್ಲ. ಸಾಗವಾನಿ ಅಲ್ಲಿಂದ ತರತೀ ನೀನು. ನನಗದು ಹೊಳೀಲೇ ಇಲ್ಲ. ಕಟಗಿ ಕೊಯ್ಯೂ ಸಾಮಿಲ್ಲಿನಿಂದ ನಮ್ಮ ಅಳಿಯ ಇರೂ ರೈಲ್ವೆ ಮಂದಿ ಮನಿಗೋಳು ಎಷ್ಟು ದೂರ. ಯಾರರೆ ಹೇಳಿರತಾರ, ಕಲಘಟಗಿ ಮಾಸ್ತರ ಮಗಳು ಅಂತ. ಯಾವತ್ತು ಹೋಗಿದ್ದಿ... ಬ್ಯಾಡ. ಹೇಳಬ್ಯಾಡ.

ಗೊತ್ತಿದ್ದ ಬಂದಿ ಹಂಗಾದ್ರ. ಪೆಟ್ಟಿಗಿ ಮನ್ಯಾಗ ಬಿಟ್ಟು ಬಂದಿ. ಎಲ್ಲಾ ಗೊತ್ತಿದ್ದೂ ನಾನು ಕೂದಲಾ ಉಗುರು ಅಂತ ಬಡಬಡಸೂದು ಕೇಳಕೋತ ಕುಂತಿ.

ಒಂದು ಚುಕ್ಕಿ ತೋರಸಿದ್ರ ನಿಂದೇನು ಹೋಗತಿತ್ತೋ? ಯಾರಿಗೆ ಗೊತ್ತಾಗತಿತ್ತು? ಕರೆಂಟ ಇರೂ ತನಕ ಅಷ್ಟ. ಕ್ಯಾಸೆಟ್ಟಿಗೆ ಹಾಕತಿರಲಿಲ್ಲ ನಾನು, ಆಣಿ ಮಾಡತೀನಿ. ಈ ಒಂದು ಸಂಜಿ ಅದು ಕಣ್ಣ ತಗದು ಆ ಕಡೆಯಿಂದ ಈ ಕಡೆ ನಡದಿದ್ರ, ನಾ ಇಲ್ಲಿ ಕುಂತು ನೋಡತಿದ್ದೆ. ದೀಪ ಹೋದ ಕೂಡಲೆ ಅದೂ ಹೋಗತಿತ್ತು. ಯಾರಿಗೂ ಮೋಸ ಆಗತಿರಲಿಲ್ಲ...

ಇಲ್ಲ, ನೀ ಇಡಂಗಿಲ್ಲ. ನೀ ಇಡಬಾರದು. ನಿಮ್ಮಪ್ಪನೂ ಇಡತಿರಲಿಲ್ಲ.

ಕೈ ಬಿಡು. ಆರಾಮ ಅದೀನಿ. ಬಿಡು ಅಂದೆ... ಇರಲಿ, ಹಿಡಕೋ.

ಅಲ್ಲೂ ಯಾರೂ ಕೇಳಲಿಲ್ಲ, ಗೊತ್ತೇನು ನಿನಗ? ಮಣ್ಣಿಗೆ ಬಂದವರು ಅಳಿಯನ ಹೆಗಲ ಮ್ಯಾಲ ಕೈ ಇಟ್ಟರು, ನನ್ನ ಹೆಗಲ ಮ್ಯಾಲ ಇಟ್ಟರು, ಹೋದ್ರು. ಅಂಥಾ ಹೊತ್ತಿನ್ಯಾಗ ಯಾರು ಕೇಳತಾರ ಅದನ್ನ? ಕೇಳಬಾರದು. ಆದರ ಯಾರರೆ ಒಬ್ಬರು ಕೇಳಬೇಕಿತ್ತು. ನೀನರೆ ಕೇಳು. ಕೇಳೋ, ಹನಮಂತಪ್ಪ.

...ನೀನೂ ಕೇಳವಲ್ಲಿ.

ಹೆಣ್ಣು.

ಹೆಣ್ಣಿತ್ತು. ಅವರವ್ವನ ಬಾಜೂಕ ಮಲಗಿಸಿ ಬಂದೀವಿ.